ಓದಿನ ಋಣ

ಗಲ್ಫ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಊರ ಮಳೆ, ಊರ ರಾಜಕೀಯ, ಇಲ್ಲಿನ ಮನೆ ಬಾಡಿಗೆ ಎಂದೆಲ್ಲ ಸುತ್ತಾಡಿ ಕೊನೆಗೆ ಮಕ್ಕಳ ಓದಿಗೆ ಬಂದು ನಿಲ್ಲುತ್ತದೆ. ಯಾವ ಕಾಲೇಜು, ಎಷ್ಟು ಫೀಸು, ಯಾವ ಕೋರ್ಸಿಗೆ ಸ್ಕೋಪ್ ಇದೆ ಎಂದು ಶುರುವಾಗಿ ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತದೆ. “ಚೀನಾದ ಮಕ್ಕಳನ್ನು ನೋಡಿ, ಹಗಲು ರಾತ್ರಿ ಓದುತ್ತವೆ. ಜರ್ಮನಿಯ ಮಕ್ಕಳು ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ. ನಮ್ಮವಕ್ಕೆ ಮಾತ್ರ ಓದಿನ ಬೆಲೆ ಗೊತ್ತಿಲ್ಲ.”

ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವನು. ನಮ್ಮ ಕೌಂಟರಿನ ಹಿಂದೆ ಈಜಿಪ್ಟಿನವರು, ಫಿಲಿಪ್ಪೀನ್ಸಿನವರು, ಸುಡಾನಿನವರು, ಕೇರಳದವರು ಇದ್ದಾರೆ. ತಮಾಷೆಯೆಂದರೆ ಅವರೂ ತಮ್ಮ ತಮ್ಮ ಮಕ್ಕಳ ಬಗ್ಗೆ ಇದೇ ಮಾತನ್ನು ಹೇಳುತ್ತಾರೆ, ನಮ್ಮ ಭಾರತದ ಮಕ್ಕಳನ್ನೇ ಉದಾಹರಣೆ ಕೊಟ್ಟು! ಅಂದರೆ ಎಲ್ಲರಿಗೂ ಪಕ್ಕದ ಮನೆಯ ಮಕ್ಕಳೇ ಜಾಣರು. ಇದರಲ್ಲಿ ನಿಜ ಎಷ್ಟು ಎಂಬ ಕುತೂಹಲದಿಂದ ರಜೆಯ ದಿನಗಳಲ್ಲಿ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಓದತೊಡಗಿದೆ. ಓದುತ್ತಾ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ವಿದ್ಯಾರ್ಥಿಗಳು ತಮ್ಮ ಓದನ್ನು ನೋಡುವ ರೀತಿ ಅವರ ರಕ್ತದಲ್ಲಿಯೂ ಇಲ್ಲ, ಅವರ ದೇಶದ ಮಣ್ಣಿನಲ್ಲಿಯೂ ಇಲ್ಲ. ಎರಡು ಪ್ರಶ್ನೆ ಕೇಳಿದರೆ ಸಾಕು, ಬಹುಪಾಲು ಉತ್ತರ ಸಿಗುತ್ತದೆ. ಅವರು ಯಾರ ಋಣದಲ್ಲಿ ಓದುತ್ತಿದ್ದಾರೆ? ಓದು ಮುಗಿದ ಮೇಲೆ ಅವರಿಗೆ ಯಾವ ಬಾಗಿಲು ತೆರೆಯುತ್ತದೆ?

ದುಡ್ಡು ಕೊಟ್ಟವನದೇ ಮಾತು

ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯ ತನ್ನ ಹುಟ್ಟನ್ನು 1088ರಿಂದ ಎಣಿಸುತ್ತದೆ. ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ ಅದೇ. ಅಲ್ಲಿ ಕಾನೂನು ಓದಲು ಬರುತ್ತಿದ್ದವರಲ್ಲಿ ಬಹಳ ಮಂದಿ ಹುಡುಗರಲ್ಲ, ಬೆಳೆದ ಗಂಡಸರು. ಅನೇಕರು ಆಲ್ಪ್ಸ್ ಪರ್ವತದ ಆಚೆಯಿಂದ ಬಂದ ಪರದೇಶಿಗಳು. ಊರಿನಲ್ಲಿ ಅವರಿಗೆ ಅಲ್ಲಿನ ನಾಗರಿಕರ ಹಕ್ಕಿರಲಿಲ್ಲ. ಬಾಡಿಗೆ ಹೆಚ್ಚು, ದಿನಸಿ ದುಬಾರಿ. ಅದಕ್ಕೇ ಒಂದೊಂದು ನಾಡಿನವರು ಸೇರಿ ಗುಂಪು ಕಟ್ಟಿಕೊಂಡರು, ನಾವು ಇಲ್ಲಿ ಕನ್ನಡ ಸಂಘ ಕಟ್ಟಿಕೊಂಡ ಹಾಗೆ. ಆ ಗುಂಪುಗಳ ಕೂಟಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಉನಿವೆರ್ಸಿತಾಸ್’ ಎಂದು ಹೆಸರು. ಇವತ್ತು ನಾವು ಯುನಿವರ್ಸಿಟಿ ಎನ್ನುವ ಪದದ ಮೂಲ ಇದೇ. ಆಗ ಅದರ ಅರ್ಥ ಕಟ್ಟಡ ಅಲ್ಲ, ಸಂಘ.

ಮೇಷ್ಟ್ರಿಗೆ ಸಂಬಳ ಕೊಡುತ್ತಿದ್ದವರು ವಿದ್ಯಾರ್ಥಿಗಳೇ. ಆದ್ದರಿಂದ ಕಾಯಿದೆ ಮಾಡುತ್ತಿದ್ದವರೂ ಅವರೇ. ಸಂಘದ ಮುಖ್ಯಸ್ಥನಾದ ರೆಕ್ಟರ್ ಕೂಡ ಒಬ್ಬ ವಿದ್ಯಾರ್ಥಿ. ಮೇಷ್ಟ್ರು ಒಂದು ದಿನ ರಜೆ ಹಾಕಬೇಕಾದರೂ ವಿದ್ಯಾರ್ಥಿಗಳ ಅನುಮತಿ ಬೇಕು. ಊರು ಬಿಟ್ಟು ಹೋಗುವುದಿದ್ದರೆ ತಿರುಗಿ ಬರುತ್ತೇನೆಂದು ಠೇವಣಿ ಇಡಬೇಕು. ಗಂಟೆ ಹೊಡೆದ ಕೂಡಲೇ ಪಾಠ ಶುರು ಮಾಡಬೇಕು, ಮುಗಿಯುವ ಗಂಟೆ ಹೊಡೆದ ಕೂಡಲೇ ನಿಲ್ಲಿಸಬೇಕು. ಕಷ್ಟದ ಅಧ್ಯಾಯವನ್ನು ಹಾರಿಸಿಕೊಂಡು ಹೋದರೆ ದಂಡ. ಪಾಠಕ್ಕೆ ಐದು ಜನರೂ ಬಾರದಿದ್ದರೆ ಅಂದು ಮೇಷ್ಟ್ರು ಗೈರುಹಾಜರಾದ ಹಾಗೆ ಲೆಕ್ಕ, ಅದಕ್ಕೂ ದಂಡ. ನಮ್ಮ ಕಾಲದಲ್ಲಿ ಹಾಜರಾತಿ ಕಡಿಮೆಯಾದರೆ ಹುಡುಗರು ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಲ್ಲುತ್ತಿದ್ದೆವು. ಬೊಲೊನ್ಯದಲ್ಲಿ ನಿಲ್ಲಬೇಕಾದವರು ಮೇಷ್ಟ್ರು!

ಆದರೆ 13ನೆಯ ಶತಮಾನದ ಕೊನೆಯ ಹೊತ್ತಿಗೆ ಬೊಲೊನ್ಯದ ನಗರಸಭೆ ತಾನೇ ಕೆಲವು ಪ್ರಾಧ್ಯಾಪಕರಿಗೆ ಸಂಬಳ ಕೊಡಲು ಶುರು ಮಾಡಿತು. ಸಂಬಳ ಕೊಡುವ ಕೈ ಬದಲಾಗುತ್ತಾ ಹೋದಂತೆ ವಿದ್ಯಾರ್ಥಿಗಳ ದರ್ಬಾರೂ ಮೆಲ್ಲಮೆಲ್ಲಗೆ ಕರಗಿತು. ಊರು ಅದೇ, ಕಾನೂನಿನ ಪುಸ್ತಕಗಳೂ ಅವೇ. ಬದಲಾದದ್ದು ದುಡ್ಡಿನ ಚೀಲ ಹಿಡಿದವರು ಮಾತ್ರ.

ಅನ್ನ ಹಾಕಿದ ಮನೆ

ಕೈರೋದ ಅಲ್ ಅಜ್ಹರ್ ಮಸೀದಿಯಲ್ಲಿ ಪಾಠ ಶುರುವಾದದ್ದು 10ನೆಯ ಶತಮಾನದಲ್ಲಿ, ಬೊಲೊನ್ಯಕ್ಕಿಂತ ನೂರು ವರ್ಷಕ್ಕೂ ಮೊದಲು. ಅಲ್ಲಿ ಲೆಕ್ಕಾಚಾರವೇ ಬೇರೆ. ಮುಂದಿನ ಶತಮಾನಗಳಲ್ಲಿ ಅಲ್ಲಿನ ಓದು ನಿಂತದ್ದು ಶ್ರೀಮಂತರು ವಕ್ಫ್ ಆಗಿ ಬಿಟ್ಟುಕೊಟ್ಟ ಜಮೀನು ಮತ್ತು ಮಳಿಗೆಗಳ ಆದಾಯದ ಮೇಲೆ. ಸಿರಿಯಾದವರಿಗೆ, ಮೊರಾಕೊ ಕಡೆಯವರಿಗೆ, ತುರ್ಕರಿಗೆ ಬೇರೆ ಬೇರೆ ‘ರಿವಾಕ್’, ಅಂದರೆ ವಸತಿಯ ಭಾಗ. ದಿನಕ್ಕೆ ಇಷ್ಟು ರೊಟ್ಟಿ ಎಂದು ಪಾಲು. ಇಷ್ಟೇ ವರ್ಷ ಓದಬೇಕೆಂಬ ಮಿತಿ ಇಲ್ಲ. ತನಗೆ ಬೇಕಾದ ಗುರು ಯಾವ ಕಂಬದ ಬಳಿ ಕೂತಿದ್ದಾರೋ ಅಲ್ಲಿ ಹೋಗಿ ಕೂರುವುದು. ಒಂದು ಗ್ರಂಥವನ್ನು ಪೂರ್ತಿ ಕಲಿತ ಮೇಲೆ ಆ ಗುರುವೇ ಅದನ್ನು ಕಲಿಸಲು ‘ಇಜಾಜಾ’ ಎಂಬ ಅನುಮತಿ ಕೊಡುತ್ತಿದ್ದರು. ಇಂಥ ಕಡೆ ವಿದ್ಯಾರ್ಥಿ ಗಿರಾಕಿಯಲ್ಲ, ಶಿಷ್ಯ. ಅವನ ಗೌರವವೆಲ್ಲ ಗುರುವಿಗೆ ಮತ್ತು ಗ್ರಂಥಕ್ಕೆ. ಹಾಗೆಂದು ಅವರು ಬಾಯಿಲ್ಲದವರೇನೂ ಆಗಿರಲಿಲ್ಲ. ರೊಟ್ಟಿಯ ಪಾಲು ನಿಂತಾಗ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದ ಸಂಗತಿ 18ನೆಯ ಶತಮಾನದ ಕೈರೋ ಚರಿತ್ರೆಯಲ್ಲಿ ದಾಖಲಾಗಿದೆ.

ಇದೇ ಬಗೆಯ ವ್ಯವಸ್ಥೆ ನಮ್ಮ ನಾಡಿನಲ್ಲೂ ಇತ್ತು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಅಲ್ಲಿ ಸಿಕ್ಕಿದೆ. ರಾಜನ ಮಂತ್ರಿ ನಾರಾಯಣ ಎಂಬವನು ಅಲ್ಲಿ ಶಾಲೆ ಕಟ್ಟಿಸಿದ್ದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳು, ದೀಪದ ಖರ್ಚಿಗೆ ಪ್ರತ್ಯೇಕ ಜಮೀನು, ಅಧ್ಯಾಪಕನಿಗೆ ಪ್ರತ್ಯೇಕ ಜಮೀನು. ಅಷ್ಟೇ ಅಲ್ಲ, ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆ, ಉಪನಯನ, ಚೌಲ ನಡೆದರೆ ಶಾಲೆಗೆ ಇಂತಿಷ್ಟು ಎಂದು ಕಾಣಿಕೆ. ಊರಿನ ಮದುವೆಯ ಸಂತೋಷದಲ್ಲಿ ಎಲ್ಲಿಂದಲೋ ಬಂದ ವಿದ್ಯಾರ್ಥಿಗೂ ಪಾಲು! ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಅದು ವೇದ ಓದುವವರ ಶಾಲೆ. ಉಳಿದ ಜಾತಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಜಾಗವಿರಲಿಲ್ಲ.

ಋಣದ ಓದಿನಲ್ಲಿ ಮಾನದ ಪ್ರಶ್ನೆಯೂ ಬರುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನ ಹೇಳುವ ಕಥೆ ನಿಮಗೆ ಗೊತ್ತಿರಬಹುದು. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಗೆ ಹೋಗಿ, ಅಲ್ಲಿನ ಘಟಿಕೆಯಲ್ಲಿ ಓದಲು ಸೇರಿದ. ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನ ತಾಳಲಾರದೆ ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ. ನಮ್ಮ ಚರಿತ್ರೆಯಲ್ಲಿ ಓದಲು ಪರನಾಡಿಗೆ ಹೋಗಿ ಓದನ್ನು ಅರ್ಧಕ್ಕೆ ಬಿಟ್ಟವರಲ್ಲಿ ಇಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ.

ಸರ್ಕಾರ ಕೊಟ್ಟ ಓದು

ಈಗ ಜರ್ಮನಿಗೆ ಬರೋಣ. 1810ರಲ್ಲಿ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಅವರ ಯೋಜನೆಯಂತೆ ಬರ್ಲಿನ್ ವಿಶ್ವವಿದ್ಯಾಲಯ ಶುರುವಾಯಿತು. ಕಲಿಸುವವನಿಗೆ ಕಲಿಸುವ ಸ್ವಾತಂತ್ರ್ಯ, ಕಲಿಯುವವನಿಗೆ ಕಲಿಯುವ ಸ್ವಾತಂತ್ರ್ಯ ಎಂಬುದು ಅಲ್ಲಿಂದ ಬೆಳೆದ ತತ್ವ. ವಿದ್ಯಾರ್ಥಿ ಒಂದು ಸೆಮಿಸ್ಟರ್ ಒಂದು ಊರಿನಲ್ಲಿ, ಇನ್ನೊಂದು ಸೆಮಿಸ್ಟರ್ ಇನ್ನೊಂದು ಊರಿನಲ್ಲಿ ಕೂತು ಪಾಠ ಕೇಳಬಹುದಿತ್ತು. ಹಾಜರಾತಿಯ ಕಾಟ ಇಲ್ಲ, ಕೊನೆಗೆ ಪರೀಕ್ಷೆಗೆ ಸಿದ್ಧನಾಗಿದ್ದರೆ ಸಾಕು. 1970ರ ಸುಮಾರಿಗೆ ಪಶ್ಚಿಮ ಜರ್ಮನಿಯಲ್ಲಿ ಪಾಠದ ಫೀಸೂ ನಿಂತುಹೋಯಿತು. 2006ರ ನಂತರ ಕೆಲವು ರಾಜ್ಯಗಳು ಸೆಮಿಸ್ಟರಿಗೆ ಸುಮಾರು 500 ಯೂರೋ ಫೀಸು ಹಾಕಿ ನೋಡಿದವು. ನಮ್ಮ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಯಿತು. 2014ರ ಹೊತ್ತಿಗೆ ಎಲ್ಲ ರಾಜ್ಯಗಳೂ ಆ ಫೀಸನ್ನು ಕೈಬಿಟ್ಟವು.

ಜರ್ಮನಿಯ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲುತ್ತಾರೆ ಎಂದು ನಾವು ಹೊಗಳುವಾಗ ಆ ಕಾಲಿನ ಕೆಳಗೆ ಸರ್ಕಾರ ಹಾಸಿದ ಚಪ್ಪಡಿ ಇದೆ ಎಂಬುದನ್ನು ಮರೆಯಬಾರದು. ಕೋರ್ಸು ಬದಲಿಸಿದರೆ, ಒಂದು ವರ್ಷ ತಡವಾದರೆ, ಅಪ್ಪನ ಮನೆ ಮಾರಬೇಕಾಗಿಲ್ಲ. ಹೊರಗಿನವರಿಗೆ ಎಲ್ಲ ಕಡೆ ಈ ಸೌಲಭ್ಯ ಇಲ್ಲ. ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮಕ್ಕಳನ್ನು ಅಲ್ಲಿಗೆ ಕಳಿಸಬೇಕೆಂದಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಸರ್ಕಾರದ ಓದಿಗೆ ಇನ್ನೊಂದು ಮುಖವೂ ಇದೆ. ಅದನ್ನು ನಾನು ನೋಡಿದ್ದು ನನ್ನ ಈಜಿಪ್ಟಿನ ಸಹೋದ್ಯೋಗಿಗಳಲ್ಲಿ. ಅಧ್ಯಕ್ಷ ನಾಸರ್ ಅವರ ಕಾಲದಲ್ಲಿ, 1962ರಲ್ಲಿ, ಈಜಿಪ್ಟಿನ ವಿಶ್ವವಿದ್ಯಾಲಯಗಳ ಫೀಸು ರದ್ದಾಯಿತು. 1964ರ ಕಾಯಿದೆ ಪದವಿ ಪಡೆದ ಎಲ್ಲರಿಗೂ ಸರ್ಕಾರಿ ಕೆಲಸದ ಭರವಸೆ ಕೊಟ್ಟಿತು. ಬಡ ರೈತರ ಮಕ್ಕಳು ಡಾಕ್ಟರು, ಇಂಜಿನಿಯರು, ಫಾರ್ಮಸಿಸ್ಟರು ಆದರು. ಆದರೆ ಪದವೀಧರರ ಸಂಖ್ಯೆ ಬೆಳೆದಷ್ಟು ಕೆಲಸ ಬೆಳೆಯಲಿಲ್ಲ. ಕಾಯುವ ಪಟ್ಟಿ ವರ್ಷಗಟ್ಟಲೆ ಉದ್ದವಾಯಿತು, ಕೈಗೆ ಬರುವ ಸಂಬಳ ಸಣ್ಣದಾಯಿತು. ಅವರಲ್ಲಿ ಅನೇಕರು ಗಲ್ಫ್‌ಗೆ ವಿಮಾನ ಹತ್ತಿದರು. ಅಲ್ಲಿ ಇಂದಿಗೂ ಪ್ರೌಢಶಾಲೆಯ ಕೊನೆಯ ಪರೀಕ್ಷೆಯ ಅಂಕಗಳೇ ಯಾವ ವಿಭಾಗ ಸಿಗುತ್ತದೆ ಎಂದು ತೀರ್ಮಾನಿಸುತ್ತವೆ. ಮೆಡಿಕಲ್, ಫಾರ್ಮಸಿ, ಇಂಜಿನಿಯರಿಂಗ್‌ಗೆ ‘ಶಿಖರದ ಕಾಲೇಜುಗಳು’ ಎಂದು ಹೆಸರು. ಶಿಖರಕ್ಕೆ ಹತ್ತುವ ತನಕ ಏದುಸಿರು. ಹತ್ತಿದ ಮೇಲೆ ನೋಡಿದರೆ ಮುಂದೆ ಸಮುದ್ರ, ದಾಟಿದರೆ ನಮ್ಮ ಕೌಂಟರು.

ಸಾಲದ ಓದು

ಇಂಗ್ಲೆಂಡಿನಲ್ಲಿ 1962ರ ಕಾಯಿದೆಯ ನಂತರ ಒಂದು ತಲೆಮಾರಿನ ವಿದ್ಯಾರ್ಥಿಗಳು ಫೀಸು ಕಟ್ಟದೆ ಓದಿದರು, ಬಡವರಿಗೆ ಖರ್ಚಿಗೂ ಹಣ ಸಿಗುತ್ತಿತ್ತು. 1998ರಲ್ಲಿ ವರ್ಷಕ್ಕೆ 1,000 ಪೌಂಡಿನವರೆಗೆ ಫೀಸು ಬಂತು. 2006ರಲ್ಲಿ ಮಿತಿ 3,000 ಆಯಿತು, 2012ರಲ್ಲಿ 9,000. ಹೆಚ್ಚಿನವರು ಅದನ್ನು ಸರ್ಕಾರದ ಸಾಲದಿಂದ ಕಟ್ಟುತ್ತಾರೆ. ಫೀಸು ಏರಿದ ಹಾಗೆ ಭಾಷೆಯೂ ಬದಲಾಯಿತು. 2015ರಲ್ಲಿ ಬಂದ ಗ್ರಾಹಕರ ಹಕ್ಕಿನ ಕಾಯಿದೆ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಕೊರೊನಾ ಕಾಲದಲ್ಲಿ ಪಾಠಗಳು ಆನ್‌ಲೈನ್ ಆದಾಗ, ಫೀಸು ವಾಪಸ್ ಕೊಡಿ ಎಂದು ಅಲ್ಲಿನ ಪಾರ್ಲಿಮೆಂಟಿಗೆ ಹೋದ ಮನವಿಗೆ 3 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅದೇ ದ್ವೀಪದ ಉತ್ತರಕ್ಕಿರುವ ಸ್ಕಾಟ್‌ಲೆಂಡಿನಲ್ಲಿ ಅಲ್ಲಿನ ನಿವಾಸಿಗಳ ಮಕ್ಕಳ ಫೀಸನ್ನು ಸರ್ಕಾರವೇ ಭರಿಸುತ್ತದೆ. ಒಂದೇ ರಾಜ, ಒಂದೇ ಭಾಷೆ, ಒಂದೇ ಮಳೆ. ಗಡಿಯ ಈಚೆ ಓದು ಕೊಂಡ ಸರಕು, ಆಚೆ ಓದು ಹಕ್ಕು.

ಅಮೆರಿಕದ ಕಥೆ ಇನ್ನೂ ಪಾಠ ಹೇಳುವಂಥದ್ದು. ಎರಡನೆಯ ಮಹಾಯುದ್ಧ ಮುಗಿಯುವ ಮುಂಚೆಯೇ, 1944ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ‘ಜಿ.ಐ. ಬಿಲ್’ ಎಂಬ ಕಾಯಿದೆಗೆ ಸಹಿ ಹಾಕಿದರು. ಯುದ್ಧದಿಂದ ಮರಳಿದ ಸೈನಿಕ ಕಾಲೇಜಿಗೆ ಹೋದರೆ ಸರ್ಕಾರವೇ ಫೀಸು ಕಟ್ಟಿ, ತಿಂಗಳ ಖರ್ಚಿಗೂ ಕೊಡುವುದು. ದೊಡ್ಡ ವಿಶ್ವವಿದ್ಯಾಲಯಗಳ ಮುಖ್ಯಸ್ಥರಿಗೆ ಆತಂಕವಾಯಿತು. ಹಾರ್ವರ್ಡ್, ಶಿಕಾಗೊದಂಥ ಕಡೆಯವರೇ ಓದಿನ ಮಟ್ಟ ಕುಸಿಯುತ್ತದೆ ಎಂದರು. ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. 1947ರಲ್ಲಿ ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವರೇ. ಹೆಂಡತಿ ಮಕ್ಕಳ ಜೊತೆ ತಾತ್ಕಾಲಿಕ ಶೆಡ್ಡುಗಳಲ್ಲಿ ಇದ್ದು ಓದಿದರು. ಫಲಿತಾಂಶ ಬಂದಾಗ ಅವರೇ ತರಗತಿಯ ಅತ್ಯಂತ ಶ್ರದ್ಧೆಯ ವಿದ್ಯಾರ್ಥಿಗಳು! ಹಾರ್ವರ್ಡಿನ ಮುಖ್ಯಸ್ಥರೂ ಕೊನೆಗೆ ಅದನ್ನು ಒಪ್ಪಿಕೊಂಡರು. ಆದರೆ ಕಪ್ಪು ಜನರಾದ ಮಾಜಿ ಸೈನಿಕರಿಗೆ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಈ ಬಾಗಿಲು ಪೂರ್ತಿ ತೆರೆಯಲಿಲ್ಲ.

ಆ ಸೈನಿಕರು ಯಾರ ಮುಲಾಜಿನಲ್ಲೂ ಇರಲಿಲ್ಲ. ಫೀಸು ಅವರ ಸೇವೆಗೆ ಸಂದ ಗೌರವ, ಭಿಕ್ಷೆಯಲ್ಲ, ಸಾಲವೂ ಅಲ್ಲ. ಇಂದಿನ ಅಮೆರಿಕದಲ್ಲಿ ವಿದ್ಯಾರ್ಥಿ ಸಾಲದ ಮೊತ್ತ 1.6 ಲಕ್ಷ ಕೋಟಿ ಡಾಲರ್ ದಾಟಿದೆ, ಸಾಲಗಾರರು 4 ಕೋಟಿಗೂ ಹೆಚ್ಚು. ಸಾಲ ಹೊತ್ತ ಹುಡುಗ ಮೊದಲು ಕೇಳುವ ಪ್ರಶ್ನೆ ‘ಇದರಿಂದ ಎಷ್ಟು ಸಂಬಳ ಬರುತ್ತದೆ’ ಎಂದಾದರೆ ಅವನನ್ನು ಲೋಭಿ ಎನ್ನಲಾಗದು.

ಒಂದೇ ಬಾಗಿಲು

ಚೀನಾದಲ್ಲಿ ಅಧಿಕಾರಿಗಳನ್ನು ಆರಿಸುವ ಸಾಮ್ರಾಟರ ಪರೀಕ್ಷೆ ಸುಮಾರು 1,300 ವರ್ಷ ನಡೆದು 1905ರಲ್ಲಿ ರದ್ದಾಯಿತು. ಮುಂದೆ ಬಂದ ಕಾಲೇಜು ಪ್ರವೇಶ ಪರೀಕ್ಷೆ, ‘ಗಾವ್‌ಕಾವ್’, ಸಾಂಸ್ಕೃತಿಕ ಕ್ರಾಂತಿಯ ಹೊತ್ತಿನಲ್ಲಿ 1966ರಲ್ಲಿ ನಿಂತುಹೋಯಿತು. ಓದುವ ಮಕ್ಕಳನ್ನು ಹೊಲಗಳಿಗೂ ಕಾರ್ಖಾನೆಗಳಿಗೂ ಕಳಿಸಿದರು. ಮತ್ತೆ ಪರೀಕ್ಷೆ ನಡೆದದ್ದು 1977ರ ಕೊನೆಯಲ್ಲಿ, ಡೆಂಗ್ ಷಿಯಾವೊಪಿಂಗ್ ಅವರ ತೀರ್ಮಾನದಿಂದ. ಹನ್ನೊಂದು ವರ್ಷ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಒಮ್ಮೆಗೇ ನುಗ್ಗಿದಂತಾಯಿತು. ಸುಮಾರು 57 ಲಕ್ಷ ಜನ ಪರೀಕ್ಷೆಗೆ ಕೂತರು, ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಜನರಿಗೆ. ನೂರರಲ್ಲಿ ಐವರಿಗೂ ಇಲ್ಲ. ಮದುವೆಯಾಗಿ ಮಕ್ಕಳಿದ್ದವರೂ, ಆಗಷ್ಟೇ ಶಾಲೆ ಬಿಟ್ಟವರೂ ಒಂದೇ ಬೆಂಚಿನಲ್ಲಿ ಕೂತರು. 2024ರಲ್ಲಿ ಈ ಪರೀಕ್ಷೆಗೆ ಹೆಸರು ಕೊಟ್ಟವರು 1.3 ಕೋಟಿಗೂ ಹೆಚ್ಚು. ಹಳ್ಳಿಯ ಮಗುವಿಗೆ ನಗರದ ಬದುಕಿಗೆ ದಾಟಲು ಮುಖ್ಯ ಸೇತುವೆ ಇದೇ ಆದಾಗ, ಅದು ಹಗಲು ರಾತ್ರಿ ಓದದೆ ಏನು ಮಾಡೀತು?

ಜಪಾನಿನವರಿಗೂ ಪ್ರವೇಶ ಪರೀಕ್ಷೆಗೆ ‘ಪರೀಕ್ಷೆಯ ನರಕ’ ಎಂಬ ಮಾತಿದೆ. ಆದರೆ ಒಳಗೆ ಹೋದ ಮೇಲೆ ಅಲ್ಲಿನ ವಿದ್ಯಾರ್ಥಿಗಳು ಸಡಿಲಾಗುತ್ತಾರೆ ಎಂದು ಅವರ ಮೇಷ್ಟ್ರುಗಳೇ ಬಹಳ ಕಾಲದಿಂದ ದೂರುತ್ತಾ ಬಂದಿದ್ದಾರೆ. ಕಾರಣ ಸೋಮಾರಿತನವಲ್ಲ. ಅಲ್ಲಿನ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ಒಟ್ಟಿಗೆ ಏಪ್ರಿಲ್‌ನಲ್ಲಿ ಸೇರಿಸಿಕೊಂಡು ತಾವೇ ತರಬೇತಿ ಕೊಡುತ್ತವೆ. ಅವು ಹೆಚ್ಚಾಗಿ ನೋಡುತ್ತಿದ್ದುದು ಯಾವ ವಿಶ್ವವಿದ್ಯಾಲಯ ಎಂಬುದನ್ನು, ಅಲ್ಲಿ ಎಷ್ಟು ಅಂಕ ಎಂಬುದನ್ನಲ್ಲ. ಒಬ್ಬನೇ ಹುಡುಗ ಹದಿನೆಂಟಕ್ಕೆ ತಪಸ್ವಿ, ಇಪ್ಪತ್ತಕ್ಕೆ ಉಡಾಳ. ಹುಡುಗ ಬದಲಾಗಲಿಲ್ಲ, ಬಾಗಿಲು ದಾಟಿದ ಅಷ್ಟೇ.

ನಮ್ಮ ಡಿಗ್ರಿಯ ಕಥೆ

ನಮ್ಮಲ್ಲಿ ಆಧುನಿಕ ಡಿಗ್ರಿ ಹುಟ್ಟುವ ಮುಂಚೆಯೇ ಅದಕ್ಕೆ ಕೆಲಸದ ನಂಟು ಹಾಕಿಯಾಗಿತ್ತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಎಂದು ಘೋಷಿಸಿದರು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಬಂದವು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಿದ ಇವು ಮೊದಲಿಗೆ ಪಾಠ ಮಾಡುತ್ತಲೇ ಇರಲಿಲ್ಲ, ಪರೀಕ್ಷೆ ಮಾತ್ರ ನಡೆಸುತ್ತಿದ್ದವು. ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆಯಲ್ಲಿ, 1858ರಲ್ಲಿ, ಪಾಸಾದವರು ಇಬ್ಬರು. ಅವರಲ್ಲೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ಮುಂದೆ ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆದರು. ಡಿಗ್ರಿ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ನೌಕರಿ ಎಂಬ ಸಮೀಕರಣ ನಮ್ಮ ತಲೆಗೆ ಬಂದದ್ದು ನಿನ್ನೆ ಮೊನ್ನೆ ಅಲ್ಲ. ‘ಇದು ಪರೀಕ್ಷೆಗೆ ಬರುತ್ತದಾ ಸಾರ್’ ಎಂಬ ಪ್ರಶ್ನೆಗೆ ನೂರೈವತ್ತು ವರ್ಷ ಮೀರಿದ ವಯಸ್ಸಿದೆ.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ಹಳ್ಳಿಯಿಂದ ಬಂದ ಹುಡುಗರು ಹೇಗೆ ಓದಿದರು? ಕೆಲವರು ವಾರಾನ್ನದಲ್ಲಿ, ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು. ಇನ್ನು ಕೆಲವರು ಮಠಗಳ ಮತ್ತು ಆಯಾ ಸಮುದಾಯದ ಹಾಸ್ಟೆಲುಗಳಲ್ಲಿ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯ ನಂತರ ಹಿಂದುಳಿದವರಿಗೂ ಸರ್ಕಾರಿ ಕೆಲಸದ ಬಾಗಿಲು ತೆರೆಯತೊಡಗಿತು. ಬಾಗಿಲು ತೆರೆದ ಮೇಲೆಯೇ ಆ ಹಾಸ್ಟೆಲುಗಳು ತುಂಬಿ ತುಳುಕಿದವು. ವಾರಾನ್ನ ಉಂಡ ಹುಡುಗ ತನ್ನ ಓದನ್ನು ತನ್ನದೊಂದೇ ಎಂದುಕೊಳ್ಳಲಿಲ್ಲ. ಅವನ ಮೇಲೆ ಏಳು ಮನೆಯ ಋಣ ಇತ್ತು.

ಸ್ವಾತಂತ್ರ್ಯದ ನಂತರ ಕರ್ನಾಟಕ ಇನ್ನೊಂದು ದಾರಿ ಹಿಡಿಯಿತು. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರು ಮಾಡಿದರು. ಅಲ್ಲಿಂದ ಮುಂದೆ ನಮ್ಮ ರಾಜ್ಯ ಖಾಸಗಿ ವೃತ್ತಿಶಿಕ್ಷಣದ ತವರಾಯಿತು. ಜೊತೆಗೆ ‘ಡೊನೇಷನ್’ ಎಂಬ ಪದ ದಾನದ ಅರ್ಥವನ್ನೇ ಕಳೆದುಕೊಂಡಿತು. 1984ರಲ್ಲಿ ಕ್ಯಾಪಿಟೇಷನ್ ಫೀಸು ನಿಷೇಧಿಸುವ ಕಾಯಿದೆ ಬಂತು. 1992 ಮತ್ತು 1993ರಲ್ಲಿ ಸುಪ್ರೀಂ ಕೋರ್ಟಿನ ಎರಡು ದೊಡ್ಡ ತೀರ್ಪುಗಳು ಬಂದವು. ನಂತರ ಸಿ.ಇ.ಟಿ. ಬಂದು, ಅಂಕ ಇದ್ದ ಬಡ ಮಕ್ಕಳಿಗೂ ಸೀಟು ಸಿಗುವಂತಾಯಿತು. 2005ರಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಾಲೇಜುಗಳಲ್ಲಿ ಶೇಕಡ 15ರವರೆಗೆ ಎನ್‌ಆರ್‌ಐ ಸೀಟುಗಳನ್ನು ಒಪ್ಪಿತು. ಓದುಗರೇ, ಆ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ನಾವಿದ್ದೇವೆ. ನಮ್ಮ ದಿರ್ಹಾಮು, ರಿಯಾಲು, ದಿನಾರುಗಳು ಇವತ್ತು ಕರ್ನಾಟಕದ ಕಾಲೇಜುಗಳ ಚರಿತ್ರೆಯ ಒಂದು ಭಾಗ.

ನಾವಿರುವ ನೆಲ

ನಾವು ದುಡಿಯುವ ನೆಲದ ಕಥೆಯನ್ನೂ ನೋಡಿ. ರಿಯಾದಿನಲ್ಲಿ 1957ರಲ್ಲಿ, ಕುವೈತಿನಲ್ಲಿ 1966ರಲ್ಲಿ, ಅಲ್ ಐನ್‌ನಲ್ಲಿ 1976ರಲ್ಲಿ, ಕತಾರಿನಲ್ಲಿ 1977ರಲ್ಲಿ, ಮಸ್ಕತ್ತಿನಲ್ಲಿ 1986ರಲ್ಲಿ ವಿಶ್ವವಿದ್ಯಾಲಯಗಳು ಶುರುವಾದವು. ಒಂದೇ ತಲೆಮಾರಿನಲ್ಲಿ ಇಷ್ಟು! ಅದಕ್ಕೂ ಮೊದಲು ಇಲ್ಲಿನ ಯುವಕರು ಕೈರೋ, ಬೈರೂತಿಗೆ ಹೋಗಿ ಓದಬೇಕಿತ್ತು. ನಾಗರಿಕರಿಗೆ ಸರ್ಕಾರಿ ವಿಶ್ವವಿದ್ಯಾಲಯದ ಓದು ಉಚಿತ. ಸೌದಿ, ಕುವೈತಿನಲ್ಲಿ ತಿಂಗಳಿಗೆ ಕೈಖರ್ಚಿನ ಹಣವೂ ಉಂಟು. ಇಲ್ಲಿನ ಹುಡುಗರಿಗೆ ಓದು ಬೇಡ ಎಂದು ನಮ್ಮವರು ಹಗುರವಾಗಿ ಮಾತನಾಡುವುದುಂಟು. ಹಾಗಾದರೆ ಅದೇ ಮನೆಯ ಹುಡುಗಿಯರನ್ನು ನೋಡಿ. ಎಮಿರೇಟ್ಸ್, ಕತಾರ್, ಕುವೈತಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರ ಸಂಖ್ಯೆಯೇ ಹೆಚ್ಚು. ಹುಡುಗನಿಗೆ ಸೇನೆ, ಪೊಲೀಸು, ವ್ಯಾಪಾರ ಎಂದು ಡಿಗ್ರಿ ಇಲ್ಲದೆಯೂ ತೆರೆಯುವ ಬಾಗಿಲುಗಳಿದ್ದವು. ಹುಡುಗಿಗೆ ಮನೆಯಿಂದ ಹೊರಗಿನ ಬದುಕಿಗೆ ಡಿಗ್ರಿಯೇ ಮುಖ್ಯ ದಾರಿ. ನಮ್ಮ ಆಸ್ಪತ್ರೆಯಲ್ಲಿ ಹೊಸದಾಗಿ ಸೇರುವ ಸ್ಥಳೀಯ ಫಾರ್ಮಸಿಸ್ಟರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಮತ್ತು ಅವರ ಶ್ರದ್ಧೆಯನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ.

ನನ್ನ ಓದಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾನು ಯುನಿವರ್ಸಿಟಿಯ ಪದವೀಧರನಲ್ಲ. ಪಿಯುಸಿ ಆದ ಮೇಲೆ ಎರಡು ವರ್ಷದ ಡಿ.ಫಾರ್ಮ್, ನಂತರ 500 ಗಂಟೆಯ ಪ್ರಾಕ್ಟಿಕಲ್ ಟ್ರೈನಿಂಗ್. ಬಿ.ಫಾರ್ಮ್‌ಗೆ ನಾಲ್ಕು ವರ್ಷ ಬೇಕು. ಫೀಸು ಕಟ್ಟುತ್ತಿದ್ದವನು ನನ್ನ ಅಣ್ಣ. ಅವನ ಮದುವೆ ನನ್ನ ಓದು ಮುಗಿಯುವುದನ್ನೇ ಕಾಯುತ್ತಿತ್ತು. ಹಾಗಾಗಿ ಎರಡೇ ವರ್ಷದ ಕೋರ್ಸು. ತರಗತಿಗೆ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಗೆ ಬಾರದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕುತೂಹಲ ಇರಲಿಲ್ಲ ಎಂದಲ್ಲ, ಕುತೂಹಲಕ್ಕೆ ಬೇಕಾದ ಪುರುಸೊತ್ತು ಅಣ್ಣನ ಲೆಕ್ಕದಲ್ಲಿ ಇರಲಿಲ್ಲ. ಆಮೇಲೆ ಇಲ್ಲಿಗೆ ಬರುವಾಗ ಸರ್ಟಿಫಿಕೇಟಿಗೆ ಅಟೆಸ್ಟೇಷನ್ ಮಾಡಿಸಿದೆವಲ್ಲ, ರಾಜ್ಯ, ಕೇಂದ್ರ, ಎಂಬೆಸಿ ಎಂದು. ನಮ್ಮೆಲ್ಲರ ಸರ್ಟಿಫಿಕೇಟುಗಳಲ್ಲಿ ಮುಂಭಾಗಕ್ಕಿಂತ ಹಿಂಭಾಗದಲ್ಲೇ ಮೊಹರು ಹೆಚ್ಚು. ಅಣ್ಣನ ಹೆಸರಿನ ಮೊಹರು ಮಾತ್ರ ಎಲ್ಲೂ ಇಲ್ಲ.

ನನ್ನ ಫಿಲಿಪ್ಪೀನ್ಸಿನ ಸಹೋದ್ಯೋಗಿಗಳ ಮನೆಯಲ್ಲೂ ಇದೇ ಕಥೆ. ಅಕ್ಕ ಗಲ್ಫ್‌ನಲ್ಲಿ ದುಡಿದು ತಂಗಿ ತಮ್ಮಂದಿರನ್ನು ಓದಿಸುವುದು. 2017ರಲ್ಲಿ ಅವರ ದೇಶ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸನ್ನು ಕಾಯಿದೆ ಮೂಲಕ ತೆಗೆದುಹಾಕಿತು. ಆ ವರ್ಷ ಕೌಂಟರಿನ ಹಿಂದೆ ಕೆಲವರ ಮುಖದಲ್ಲಿ ಕಂಡ ನಿರಾಳವನ್ನು ವಿವರಿಸಲು ನನಗೆ ಪದಗಳಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮಕ್ಕಳನ್ನು ಚೀನಾದವರ ಜೊತೆ, ಜರ್ಮನಿಯವರ ಜೊತೆ ತೂಗುವುದನ್ನು ಮೊದಲು ಬಿಡೋಣ. ನಮ್ಮ ಮಕ್ಕಳು ಓದುತ್ತಿರುವುದು ಸರ್ಕಾರದ ಋಣದಲ್ಲೂ ಅಲ್ಲ, ಬೊಲೊನ್ಯದವರ ಹಾಗೆ ತಮ್ಮದೇ ದುಡ್ಡಿನಲ್ಲೂ ಅಲ್ಲ. ಎರಡು ವರ್ಷಕ್ಕೊಮ್ಮೆ ಮನೆಗೆ ಬರುವ ಅಪ್ಪನ ಅಥವಾ ಅಮ್ಮನ ಋಣದಲ್ಲಿ. ಅದು ಎಷ್ಟು ಭಾರ ಎಂದರೆ, ಇಂಜಿನಿಯರಿಂಗ್ ತನಗೆ ಒಗ್ಗುತ್ತಿಲ್ಲ ಎಂದು ಫೋನಿನಲ್ಲಿ ಹೇಳಲು ಮಗನಿಗೆ ಬಾಯಿ ಬರುವುದಿಲ್ಲ. ನಾವು ಅದನ್ನು ಅಸಡ್ಡೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಸಂಕೋಚ. ಫೀಸಿನ ಲೆಕ್ಕವನ್ನು ಮಕ್ಕಳ ಮುಂದೆ ಒಮ್ಮೆ ತೆರೆದಿಡೋಣ, ಬೆದರಿಸಲು ಅಲ್ಲ, ತಿಳಿಸಲು. ಎನ್‌ಆರ್‌ಐ ಸೀಟಿಗೆ ಸಹಿ ಹಾಕುವ ಮುಂಚೆ, ನಾಲ್ಕನೆಯ ತಿಂಗಳಲ್ಲಿ ಬೇಡವೆನಿಸಿದರೆ ಹೇಳು ಎಂಬ ಮಾತನ್ನೂ ಕೊಡೋಣ. ಜರ್ಮನಿಯ ಸರ್ಕಾರ ತನ್ನ ಮಕ್ಕಳಿಗೆ ಕೊಟ್ಟಿರುವುದು ಹೆಚ್ಚುಕಡಿಮೆ ಈ ಒಂದು ಮಾತನ್ನೇ.

ಬೊಲೊನ್ಯದ ವಿದ್ಯಾರ್ಥಿಗಳ ಬಗ್ಗೆ ಒಂದು ಸಂಗತಿ ಉಳಿದಿದೆ. ಆ ಕಾಲದಲ್ಲಿ ಪರದೇಶಿಯೊಬ್ಬ ಸಾಲ ತೀರಿಸದೆ ಹೋದರೆ ಅವನ ನಾಡಿನ ಬೇರೆ ಯಾರನ್ನಾದರೂ ಹಿಡಿದು ವಸೂಲು ಮಾಡುವ ಪದ್ಧತಿ ಇತ್ತು. ಕೈಗೆ ಸುಲಭವಾಗಿ ಸಿಗುತ್ತಿದ್ದವರು ಓದಲು ಬಂದವರು. 12ನೆಯ ಶತಮಾನದ ಮಧ್ಯದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಒಂದು ಶಾಸನ ಹೊರಡಿಸಿ ಅದನ್ನು ನಿಲ್ಲಿಸಿದ. ವಿದ್ಯೆಗಾಗಿ ಮನೆ ಬಿಟ್ಟು ಬಂದವನನ್ನು ಇನ್ನೊಬ್ಬರ ಸಾಲಕ್ಕಾಗಿ ಹಿಡಿಯಕೂಡದು ಎಂಬುದು ಅದರ ತಾತ್ಪರ್ಯ. ವಿದ್ಯಾರ್ಥಿಗಳಿಗೆ ಯುರೋಪಿನಲ್ಲಿ ಸಿಕ್ಕ ಮೊದಮೊದಲ ಹಕ್ಕುಗಳಲ್ಲಿ ಇದೂ ಒಂದು. ನಮ್ಮ ಊರಿನ ಮನೆ ಸಾಲ, ತಂಗಿಯ ಮದುವೆಯ ಸಾಲ, ನಾವು ಓದಲಾಗದೆ ಬಿಟ್ಟ ಓದು, ಇವೆಲ್ಲ ನಮ್ಮ ಲೆಕ್ಕದಲ್ಲೇ ಇರಲಿ. ಮಗಳು ಕಾಲೇಜಿಗೆ ಹೊರಟಾಗ ಅವಳ ಬ್ಯಾಗಿನಲ್ಲಿ ಪುಸ್ತಕದ ಭಾರವಷ್ಟೇ ಇರಲಿ.